ಹೊಂದದ ಬೋಗಿಗಳು

ಮೇ 19, ಸೋಮವಾರ

ಮುನೇಶ್ ಅನ್ನುವ ಮನುಷ್ಯನಿಗೆ ನನ್ನ ಹೆಸರು ಇನ್ನೂ ನೆಟ್ಟಗೆ ಗೊತ್ತಿಲ್ಲ, ಆದರೆ ನನ್ನ ಕನ್ನಡದ ಬಗ್ಗೆ ಆಗಲೇ ಅಭಿಪ್ರಾಯ ಇದೆ.

ಬೆಂಗಳೂರಿನ ಸಂಸ್ಥೆಯಲ್ಲಿ ಬೇಸಿಗೆ ತರಬೇತಿಯ ಮೊದಲ ದಿನ ಇವತ್ತು. ಸುಚಿತ್ರಾ ಮೇಡಂ ಲ್ಯಾಬ್‌ನಲ್ಲಿ ಈ ಮುನೇಶ್ ಎಲ್ಲರಿಗಿಂತ ಸೀನಿಯರ್, ಪಿಎಚ್‌ಡಿ ಮುಗಿಯುವ ಹಂತದಲ್ಲಿದ್ದಾನೆ. ಮುಂದಿನ ಸಲ ಎಷ್ಟು ಗಂಟೆಗೆ ಬರ್ತೀರಿ ಎಂದು ಕೇಳಿದ. ‘ಟ್ರೈನು ಲೇಟಾಗ್ದಿದ್ರೆ ಒಂಬತ್ಗೆ ಬತ್ತೀನಿ ಸರ್’ ಅಂದೆ. ‘ಬತ್ತೀನಿ’ ಎಂದು ಅವನು ತನಗೇ ಹೇಳಿಕೊಂಡ ಹಾಗೆ ಹೇಳಿ ನಕ್ಕ. ಪಕ್ಕದಲ್ಲಿದ್ದ ಇನ್ನಿಬ್ಬರು ತರಬೇತಿಯವರೂ ನಕ್ಕರು. ನಾನು ನಗಲಿಲ್ಲ.

ಇನ್ನು ಮೇಲೆ ಅಲ್ಲಿ ‘ಬರ್ತೀನಿ’, ‘ಇದೆ’, ‘ಸ್ವಲ್ಪ’. ನನ್ನ ಬಾಯಿಂದ ಅವರಿಗೆ ಇನ್ನೊಂದು ನಗು ಬಿಟ್ಟಿ ಸಿಗುವುದಿಲ್ಲ.

ಕೆಲಸ ಏನೆಂದರೆ, ಪರಮಾಣುವಿನ ನಟ್ಟನಡುವೆ ಇರುವ ನ್ಯೂಕ್ಲಿಯಸ್ ಒಳಗೆ ಕಣಗಳು ಯಾವ ಯಾವ ಮಟ್ಟದಲ್ಲಿ ಕೂತಿರುತ್ತವೆ, ಒಂದು ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುವಾಗ ಎಷ್ಟು ಬಲವಾಗಿ ಕಿರಣ ಬಿಡುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಲ್ಯಾಬಿನದೇ ಪ್ರೋಗ್ರಾಂ ಇದೆ, ಮುನೇಶ್ ಬರೆದದ್ದು. ಬೇರೆ ದೇಶದ ಗುಂಪೊಂದು ಈ ಕಣಗಳ ನಡುವಿನ ಬಲಗಳ ಹೊಸ ಫೈಲು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಅದನ್ನು ಈ ಪ್ರೋಗ್ರಾಂಗೆ ಜೋಡಿಸಿ, ಬಂದ ಸಂಖ್ಯೆಯನ್ನು ಪ್ರಯೋಗದಲ್ಲಿ ಅಳೆದ ಸಂಖ್ಯೆಯ ಪಕ್ಕದಲ್ಲಿಟ್ಟು ತೋರಿಸಬೇಕು. ಜುಲೈ ಕೊನೆಗೆ ಸೆಮಿನಾರ್. ಅದನ್ನು ನೋಡಿ ಮೇಡಂ ನಮ್ಮ ಮೂವರಲ್ಲಿ ಒಬ್ಬರನ್ನು ಲ್ಯಾಬಿನಲ್ಲೇ ಸಂಶೋಧನೆಗೆ ಉಳಿಸಿಕೊಳ್ಳುತ್ತಾರೆ.

ಆ ಒಬ್ಬಳು ನಾನು. ನಕ್ಕವರು ನೋಡುತ್ತಿರಲಿ.

ಮೇ 21, ಬುಧವಾರ

ಊರಿಗೆಲ್ಲ ಸುದ್ದಿ ಮುಟ್ಟಿದೆ. ಸಂಜೆ ಪಕ್ಕದ ಮನೆಯ ಪುಟ್ಟಸ್ವಾಮಿ ಮಾವ ಜಗಲಿಯಲ್ಲಿ ಕೂತು ಕೇಳಿದರು: ‘ಏನವ್ವಾ ಪುಟ್ಟಿ, ಬಾಂಬ್ ಮಾಡದ ಕಲಿಯಕ್ಕೆ ಓಗಿದೀಯಂತೆ?’

‘ಊಂ ಮಾವ. ಮೊದ್ಲು ನಿಮ್ ಕೊಟ್ಗೆ ಮ್ಯಾಲೆ ಆಕಿ ನೋಡ್ತೀನಿ.’

ಅವ್ವ ಒಳಗಿಂದ ಓಡಿ ಬಂದಳು. ‘ದೊಡ್ಡೋರ್ಗೆ ಅಂಗೆಲ್ಲ ಅಂದಾರೇನೆ?’

ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದ ಅಪ್ಪ ತಿರುಗಿಯೂ ನೋಡದೆ, ‘ಕೇಳ್ದೋನು ಅವ್ನು ತಾನೆ, ಏಳಿಸ್ಕಳ್ಳಿ ಬುಡು ತಿಮ್ಮಮ್ಮ’ ಅಂದ. ಪುಟ್ಟಸ್ವಾಮಿ ಮಾವನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಈ ಮನೆಯಲ್ಲಿ ನಕ್ಕರೆ ನನಗೆ ಯಾಕೆ ಸಿಟ್ಟು ಬರುವುದಿಲ್ಲವೋ.

ಮೇ 28, ಬುಧವಾರ

ವಾರದಲ್ಲಿ ಎರಡು ದಿನ ಲ್ಯಾಬಿಗೆ ಹೋದರೆ ಸಾಕು, ಉಳಿದದ್ದನ್ನು ಎಲ್ಲಿಂದ ಬೇಕಾದರೂ ಮಾಡಬಹುದು. ಎಲ್ಲಿಂದ ಬೇಕಾದರೂ ಅನ್ನುವವರು ನಮ್ಮೂರಿಗೆ ಬಂದು ನೋಡಲಿ. ಇಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ, ಅದೂ ಫೋನನ್ನು ಮೇಲೆತ್ತಿ ಹಿಡಿದರೆ.

ಅದಕ್ಕೆ ವಿರೂಪಾಕ್ಷಿಪುರದ ಬಸ್ಸು ಹಿಡಿದು ಚನ್ನಪಟ್ಟಣಕ್ಕೆ ಹೋಗಿ ಹಫೀಜಾಳ ವರ್ಕ್‌ಶಾಪಿನ ಮೂಲೆಯಲ್ಲಿ ಕೂರುತ್ತೇನೆ. ಡಿಗ್ರಿಯಲ್ಲಿ ಮೂರು ವರ್ಷ ಒಂದೇ ಬೆಂಚಿನವಳು. ಅವಳ ಅಬ್ಬಾ ಮತ್ತು ಅಣ್ಣ ಎರಡು ಲೇತ್‌ಗಳಲ್ಲಿ ಮರದ ಗೊಂಬೆ ಕಡೆಯುತ್ತಾರೆ, ಜೋಡಿಸುವುದು, ಡಬ್ಬಿಗೆ ತುಂಬುವುದು, ಆರ್ಡರ್ ಹಿಡಿಯುವುದೆಲ್ಲ ಇವಳು. ಅರಗಿನ ವಾಸನೆ, ಲೇತ್ ಸದ್ದು, ತಲೆ ಮೇಲೆಲ್ಲ ಮರದ ಪುಡಿ. ಆದರೆ ವೈಫೈ ಭರ್ಜರಿ.

‘ನಿನ್ನ ಪ್ರೋಗ್ರಾಂ ಒಸಿ ತೋರ್ಸೇ’ ಅಂದಳು. ಮುಗಿಯುವವರೆಗೂ ಯಾರಿಗೂ ತೋರಿಸುವುದಿಲ್ಲ ಅಂದೆ. ಮುನೇಶ್‌ಗೂ ತೋರಿಸಿಲ್ಲ. ಏನಾದರೂ ಡೌಟ್ ಇದ್ದರೆ ಕೇಳಿ ಎಂದು ಅವನು ಎರಡು ಸಲ ಮೆಸೇಜ್ ಮಾಡಿದ. ನನಗೆ ಡೌಟ್ ಇಲ್ಲ.

ಜೂನ್ 4, ಬುಧವಾರ

ಹಫೀಜಾ ಜೊತೆ ಜಗಳ.

ಬಕ್ರೀದಿನ ಒಳಗೆ ರೈಲು ಗೊಂಬೆಗಳ ದೊಡ್ಡ ಆರ್ಡರ್ ಕಳಿಸಬೇಕಿತ್ತು. ಪಾಪ ಎಂದು ನಾನೂ ಕೈ ಹಾಕಿದೆ. ಎರಡು ಬುಟ್ಟಿಗಳಲ್ಲಿದ್ದ ಬೋಗಿಗಳನ್ನು ಒಂದೇ ರಾಶಿ ಮಾಡಿ ಸರಸರ ಕೊಕ್ಕೆ ಸಿಕ್ಕಿಸಿ ಡಬ್ಬಿಗೆ ತುಂಬಿದೆ. ಬಹಳ ಹೊತ್ತಾದ ಮೇಲೆ ಅವಳು ಬಂದು ನೋಡಿ ತಲೆ ಮೇಲೆ ಕೈ ಹೊತ್ತಳು.

‘ಯಾ ಅಲ್ಲಾ! ಎರಡೂ ಬುಟ್ಟಿ ಯಾಕೆ ಬೆರೆಸ್ದೆ?’

‘ಎರಡೂ ಒಂದೇ ತಾನೆ? ಅದೇ ಕೆಂಪು, ಅದೇ ಹಳದಿ.’

ಒಂದೇ ಅಲ್ಲವಂತೆ. ಪ್ರತಿ ಬೋಗಿ ಅರ್ಧ ಕೆಂಪು, ಅರ್ಧ ಹಳದಿ. ಅಬ್ಬಾ ಕೊಕ್ಕೆಯ ಕಡೆ ಕೆಂಪು ಕೂರಿಸುತ್ತಾರೆ. ಅಣ್ಣ ಕೊಕ್ಕೆಯ ಕಡೆ ಹಳದಿ. ಅಬ್ಬಾನ ಬೋಗಿಗಳನ್ನೇ ಸೇರಿಸಿದರೆ ಕೆಂಪು ಹಳದಿ ಕೆಂಪು ಹಳದಿ ಎಂದು ಚೆಂದವಾಗಿ ಸಾಗುತ್ತದೆ. ಅಣ್ಣನದೂ ಹಾಗೇ. ಬೆರೆಸಿದರೆ ಮಾತ್ರ ಹಳದಿಗೆ ಹಳದಿ, ಕೆಂಪಿಗೆ ಕೆಂಪು ಬಂದು ಕೂತು ಪಟ್ಟೆ ಕೆಡುತ್ತದೆ.

‘ಇಬ್ರೂ ಒಂದೇ ಕಡೆಯಿಂದ ಶುರು ಮಾಡಿ ಅಂತ ಗೋಡೆ ಮೇಲೆ ಬರ್ದಾಕಕ್ಕೆ ಏನ್ ರೋಗ ನಿಮ್ಗೆ?’ ಅಂದೆ.

‘ಕೇಳ್ದೆ ಕೈ ಹಾಕಕ್ಕೆ ಏನ್ ರೋಗ ನಿಂಗೆ?’ ಅಂದಳು.

ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದುಬಿಟ್ಟೆ. ಸಹಾಯ ಮಾಡಿದವಳಿಗೆ ಇದು ಮರ್ಯಾದೆ. ಡಬ್ಬಿಗಳನ್ನೆಲ್ಲ ಬಿಚ್ಚಿ ಮತ್ತೆ ತುಂಬಿಕೊಳ್ಳಲಿ.

ಜೂನ್ 7, ಶನಿವಾರ

ಬಕ್ರೀದ್. ಅಪ್ಪನ ಟಗರುಗಳೆಲ್ಲ ವಾರದ ಹಿಂದೆಯೇ ಚನ್ನಪಟ್ಟಣಕ್ಕೆ ಹೋದವು. ಮಧ್ಯಾಹ್ನ ಹಫೀಜಾಳ ಅಣ್ಣ ಬೈಕಿನಲ್ಲಿ ಬಂದು ಬಿರಿಯಾನಿ ಡಬ್ಬಿ ಕೊಟ್ಟುಹೋದ. ‘ನಮ್ ಕುರಿನೇ ವಾಪಸ್ ಬಂತಲ್ಲಪ್ಪ’ ಎಂದು ಅಪ್ಪ ಎರಡು ಸಲ ಹಾಕಿಸಿಕೊಂಡ.

ಅವಳು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಬಿರಿಯಾನಿ ಚೆನ್ನಾಗಿತ್ತು.

ಜೂನ್ 12, ಗುರುವಾರ

ಲೆಕ್ಕ ಬಂತು, ಅರ್ಧ ಮಾತ್ರ ಸರಿ. ಮಟ್ಟಗಳೆಲ್ಲ ಪ್ರಯೋಗದ ಜೊತೆ ಅಚ್ಚುಕಟ್ಟಾಗಿ ಹೊಂದುತ್ತಿವೆ. ಕಿರಣದ ಬಲ ಮಾತ್ರ ಇರಬೇಕಾದದ್ದರ ಅರ್ಧವೂ ಬರುತ್ತಿಲ್ಲ.

ವಿಧಿಯಿಲ್ಲದೆ ಮುನೇಶ್‌ಗೆ ತೋರಿಸಿದೆ. ಅವನು ಕುರ್ಚಿ ಕೂಡ ಎಳೆದುಕೊಳ್ಳಲಿಲ್ಲ, ನಿಂತೇ ಹೇಳಿದ: ‘ಗುಣಕ ಏರಿಸಿ.’

ಗುಣಕ ಅನ್ನುವುದು ಒಂದು ರೂಢಿ. ಎಲ್ಲ ಕಣಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ, ಬಿಟ್ಟುಹೋದವುಗಳ ಪರವಾಗಿ ಕೊನೆಯಲ್ಲಿ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಸ್ವಲ್ಪ ಗುಣಿಸುವುದನ್ನು ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಇವನು ಹೇಳಿದ್ದು ಸ್ವಲ್ಪ ಅಲ್ಲ.

‘ಇಷ್ಟೊಂದು ಯಾಕೆ ಸರ್?’

‘ಆಗ ಹೊಂದುತ್ತೆ. ಹೋದ ವರ್ಷ ಇದೇ ಫೈಲ್ ಹಾಕಿ ನನ್ನ ಪೇಪರ್‌ನಲ್ಲಿ ಹಾಗೇ ಮಾಡಿದೀನಿ.’

‘ಹೊಂದೋ ತನಕ ಏರಿಸೋದಾದ್ರೆ ಲೆಕ್ಕ ಯಾಕೆ ಸರ್ ಮಾಡ್ಬೇಕು?’

‘ಅನುಷಾ, ತಿಂಗಳಾಗಿಲ್ಲ ನೀವು ಬಂದು’ ಅಂದ. ಅಂತೂ ಹೆಸರು ಗೊತ್ತಾಗಿದೆ.

ಜೂನ್ 13, ಶುಕ್ರವಾರ

ಏರಿಸಿ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು. ಅಳಿಸಿ ಹಾಕಿದೆ.

ಜೂನ್ 19, ಗುರುವಾರ

ಮೇಡಂ ಕರೆದಿದ್ದರು. ಮುನೇಶ್ ಚಾಡಿ ಹೇಳಿದ್ದಾನೆ ಎಂದುಕೊಂಡೇ ಹೋದೆ. ಅವರು ನನ್ನ ಗ್ರಾಫ್ ನೋಡಿ, ಕನ್ನಡಕ ತೆಗೆದು, ‘ಏರಿಸೋದು ಬೇಡ ಅಂತೀಯಂತೆ. ಯಾಕಮ್ಮ?’ ಅಂದರು.

‘ಸರಿ ಅನ್ನಿಸ್ತಿಲ್ಲ ಮೇಡಂ.’

‘ಅನ್ನಿಸದೇ ಇದ್ದರೆ ಏರಿಸಬೇಡ. ಆದರೆ ಬೇಡ ಅನ್ನೋದೊಂದೇ ಸೆಮಿನಾರ್ ಆಗಲ್ಲ. ಯಾಕೆ ಕಮ್ಮಿ ಬಂತು ಅಂತ ಹೇಳಬೇಕು. ಇಲ್ಲದಿದ್ದರೆ ಉಳಿದಿಬ್ಬರದು ಮುಗಿದ ಕೆಲಸ, ನಿನ್ನದು ಮುಗಿಯದ್ದು. ನಾನು ಹಾಗೇ ನೋಡಬೇಕಾಗುತ್ತೆ.’

ರೈಲಿನಲ್ಲಿ ಬಿಡದಿ ದಾಟುವವರೆಗೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಉಳಿದಿಬ್ಬರೂ ಕಣ್ಣು ಮುಚ್ಚಿಕೊಂಡು ಏರಿಸಿ, ಗ್ರಾಫಿಗೆ ಬಣ್ಣ ತುಂಬುತ್ತಾ ಕೂತಿದ್ದಾರೆ. ನಾನು ಏರಿಸುವುದಿಲ್ಲ. ಸೀಟು ಹೋದರೆ ಹೋಗಲಿ.

ಹೋಗಬಾರದು. ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನಗೆ ಆ ಸೀಟು ಬೇಕೇ ಬೇಕು.

ಜೂನ್ 24, ಮಂಗಳವಾರ

ಏನೂ ಇಲ್ಲ. ಮತ್ತೆ ಅದೇ ಸಂಖ್ಯೆ.

ಜೂನ್ 26, ಗುರುವಾರ

ಮೈ ಸರಿಯಿಲ್ಲವೆಂದು ಲ್ಯಾಬಿಗೆ ಹೋಗಲಿಲ್ಲ. ಸುಳ್ಳು. ಅವ್ವನಿಗೆ ಗೊತ್ತಾಯಿತು, ಕೇಳಲಿಲ್ಲ. ಉಪ್ಸಾರು, ಮುದ್ದೆ ಮಾಡಿ ಮುಂದಿಟ್ಟು, ‘ನಿಮ್ಮಪ್ಪನ ಟಗ್ರುಗಿಂತ ನಿನ್ ಹಠನೇ ಜಾಸ್ತಿ. ಉಣ್ಣು’ ಅಂದಳು.

ಜುಲೈ 1, ಮಂಗಳವಾರ

ಸಿಕ್ಕಿತು!

ಕಂಪ್ಯೂಟರ್ ಮುಚ್ಚಿಟ್ಟು, ಎರಡೇ ಎರಡು ಕಣ ಇರುವ ಅತಿ ಸಣ್ಣ ಲೆಕ್ಕವನ್ನು ಪೆನ್ನಿನಲ್ಲಿ ಮಾಡಿದೆ. ಜಗಲಿಯಲ್ಲಿ ಕೂತು, ಕುರಿ ಮೇಯಿಸಲು ಹೋಗುವವರು ಬರುವವರೆಲ್ಲ ಏನವ್ವ ಏನವ್ವ ಎಂದು ಕೇಳುತ್ತಿದ್ದರೂ ಮಾಡಿದೆ. ನಾನು ಕೂಡಿಸಿದ ಜಾಗದಲ್ಲಿ ಕಂಪ್ಯೂಟರ್ ಕಳೆಯುತ್ತಿದೆ. ಒಂದು ಜಾಗದಲ್ಲಿ ಅಲ್ಲ, ಒಂದು ಬಿಟ್ಟು ಒಂದರಲ್ಲಿ.

ನ್ಯೂಕ್ಲಿಯಸ್ ಒಳಗಿನ ಕಣವನ್ನು ಅಲೆಯ ಹಾಗೆ ಬರೆಯುತ್ತೇವೆ. ಆ ಅಲೆ ನಡುವಿನಲ್ಲಿ ಗೆರೆಯ ಮೇಲಕ್ಕೆ ಇರಲಿ ಎಂದು ಕೆಲವರು ಶುರು ಮಾಡುತ್ತಾರೆ. ಹೊರಗಿನ ತುದಿಯಲ್ಲಿ ಮೇಲಕ್ಕೆ ಇರಲಿ ಎಂದು ಇನ್ನು ಕೆಲವರು. ಎರಡೂ ಸರಿ, ಯಾರ ಲೆಕ್ಕವೂ ಕೆಡುವುದಿಲ್ಲ. ಶುರು ಮಾಡುವ ಕಡೆ ಬದಲಾದರೆ ಒಂದು ಬಿಟ್ಟು ಒಂದು ಅಲೆ ತಲೆಕೆಳಗಾಗುತ್ತದೆ, ಕೂಡಿಸುವುದು ಕಳೆಯುವುದಾಗುತ್ತದೆ, ಅಷ್ಟೇ. ಆದರೆ ಫೈಲು ಮಾಡಿದವರು ಒಂದು ಕಡೆಯಿಂದ ಶುರು ಮಾಡಿದ್ದಾರೆ, ಮುನೇಶ್ ಪ್ರೋಗ್ರಾಂ ಇನ್ನೊಂದು ಕಡೆಯಿಂದ. ನಾನು ಕೇಳದೆ ಕೈ ಹಾಕಿ ಎರಡನ್ನೂ ಕೊಕ್ಕೆ ಸಿಕ್ಕಿಸಿದೆ. ಮಟ್ಟಗಳ ಲೆಕ್ಕಕ್ಕೆ ಫೈಲೊಂದೇ ಸಾಕು, ಅದಕ್ಕೆ ಅವು ಸರಿ ಬಂದವು. ಕಿರಣದ ಬಲಕ್ಕೆ ಎರಡೂ ಬೇಕು, ಅಲ್ಲಿ ಪಟ್ಟೆ ಕೆಟ್ಟಿತು.

ಸಿಕ್ಕ ಮೊದಲ ಬಸ್ಸಿಗೆ ಹಫೀಜಾಳ ಹತ್ತಿರ ಓಡಿದೆ. ‘ಅವತ್ತು ಬೋಗಿ ಎರಡೂ ಒಂದೇ ಅಂದ್ನಲ್ಲ, ಒಂದೇ ಅಲ್ಲ ಕಣೆ’ ಅಂದೆ.

ಅವಳು ಅಂಟಿನ ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದಳು. ‘ಅರೆ, ಇದನ್ನ ಹೇಳಕ್ಕೆ ಒಂದ್ ತಿಂಗ್ಳು ಬೇಕಾಯ್ತಾ? ಕೂತ್ಕೋ, ಚಾ ತರಿಸ್ತೀನಿ.’

ಪ್ರೋಗ್ರಾಂ ತೆರೆದು ಅವಳಿಗೆ ಸಾಲು ಸಾಲಾಗಿ ತೋರಿಸಿದೆ.

ಜುಲೈ 2, ಬುಧವಾರ

ತಿದ್ದಿ ಓಡಿಸಿದೆ. ಕಿರಣದ ಬಲ ಒಂದೇ ಸಲ ಮೇಲೆ ಬಂತು, ಎಲ್ಲರೂ ಒಪ್ಪುವ ಸಣ್ಣ ಗುಣಕಕ್ಕೇ. ಪ್ರಯೋಗಕ್ಕಿಂತ ಇನ್ನೂ ಸ್ವಲ್ಪ ಕಮ್ಮಿ ಇದೆ, ಆದರೆ ಹತ್ತಿರ.

ಈಗ ನಿಜವಾದ ವಿಷಯ. ಮುನೇಶ್‌ನ ಹೋದ ವರ್ಷದ ಪೇಪರಿನಲ್ಲೂ ಇದೇ ಫೈಲು, ಇದೇ ಪ್ರೋಗ್ರಾಂ. ಅವನ ಸಂಖ್ಯೆಯೂ ತಪ್ಪು. ಗುಣಕ ಏರಿಸಿದ್ದರಿಂದ ಯಾರಿಗೂ ಕಾಣಲಿಲ್ಲ. ಥೀಸಿಸ್‌ನಲ್ಲೂ ಅದೇ ಇರಬೇಕು.

ಸೆಮಿನಾರಿನಲ್ಲಿ ಎಲ್ಲರ ಎದುರು ಹೇಳುತ್ತೇನೆ. ಅಲ್ಲಿಯವರೆಗೂ ತುಟಿ ಬಿಚ್ಚುವುದಿಲ್ಲ. ‘ಬತ್ತೀನಿ’ ಎಂದು ನಕ್ಕನಲ್ಲ, ಆವತ್ತು ಅವನ ಮುಖ ನೋಡಬೇಕು.

ಜುಲೈ 10, ಗುರುವಾರ

ಹೇಳಿಬಿಟ್ಟೆ. ಅವನಿಗೇ.

ಯಾಕೆ ಹೇಳಿದೆನೋ ಗೊತ್ತಿಲ್ಲ, ಹೇಳಬೇಕೆಂದು ಅಂದುಕೊಂಡಿರಲೇ ಇಲ್ಲ. ಅವನು ಥೀಸಿಸ್‌ನ ಹಾಳೆಗಳನ್ನು ಮೇಜಿನ ತುಂಬ ಹರಡಿಕೊಂಡು, ಊಟವನ್ನೂ ಮಾಡದೆ ಪುಟದ ಅಂಚು ಸರಿ ಮಾಡುತ್ತಿದ್ದ. ಆ ಹಾಳೆಗಳಲ್ಲಿ ಆ ಸಂಖ್ಯೆ ಇತ್ತು. ನನ್ನ ಪೆನ್ನಿನ ಲೆಕ್ಕವನ್ನು ಅದರ ಮೇಲೇ ಇಟ್ಟೆ.

ಬಹಳ ಹೊತ್ತು ಓದಿದ. ಮೊದಲ ಸಲ ನನಗಾಗಿ ಕುರ್ಚಿ ಎಳೆದ.

‘ಸೆಮಿನಾರ್‌ನಲ್ಲಿ ಇದನ್ನ ತೆಗೀಬೇಡಿ. ಆಗಸ್ಟ್‌ನಲ್ಲಿ ಥೀಸಿಸ್ ಕೊಟ್ಟುಬಿಡ್ತೀನಿ. ಆಮೇಲೆ ಇಬ್ಬರೂ ಸೇರಿ ತಿದ್ದೋಣ.’

‘ಆಗಲ್ಲ ಸರ್.’

‘ಆರು ವರ್ಷ ಅನುಷಾ.’

‘ಅದಕ್ಕೇ ಆಗಲ್ಲ ಅಂದದ್ದು.’

‘ನಿಮ್ಮ ಸೀಟಿನ ವಿಷಯದಲ್ಲಿ ಮೇಡಂ ನನ್ನನ್ನೂ ಕೇಳ್ತಾರೆ, ಗೊತ್ತಲ್ವಾ?’

ನನ್ನ ಹಾಳೆ ಎತ್ತಿಕೊಂಡೆ. ‘ಕೇಳ್ಲಿ ಸರ್. ಏನ್ ಬೇಕೋ ಹೇಳ್ಕೊಳ್ಳಿ. ಈ ಸಂಖ್ಯೆ ನಿಮ್ದು. ನೀವೇ ಮೊದ್ಲು ಮೇಡಂಗೆ ಹೇಳಿದ್ರೆ ಚೆಂದ. ಸೆಮಿನಾರ್ ತನಕ ಕಾಯ್ತೀನಿ. ಆವತ್ತು ಯಾರಾದ್ರೂ ಕೇಳಿದ್ರೆ ಮಾತ್ರ ಮುಚ್ಚಿಡಲ್ಲ.’

ರೈಲಿನಲ್ಲಿ ಲೆಕ್ಕವನ್ನು ಮೊದಲಿಂದ ಇನ್ನೊಂದು ಸಲ ಮಾಡಿದೆ. ಹೆದರಿಕೆಗಲ್ಲ, ಸಿಟ್ಟಿಗೆ. ಹೆದರಿಕೆಗೂ ಇರಬಹುದು.

ಜುಲೈ 24, ಗುರುವಾರ

ನಾಳೆ ಸೆಮಿನಾರ್. ಅವನು ಹೇಳಿಲ್ಲ. ಲ್ಯಾಬಿನಲ್ಲಿ ನನ್ನನ್ನು ಕಂಡರೆ ಇಯರ್‌ಫೋನ್ ಹಾಕಿಕೊಳ್ಳುತ್ತಾನೆ.

ಹಫೀಜಾ ಎರಡು ಬೋಗಿ ಕೊಟ್ಟಳು, ಅಬ್ಬಾನದೊಂದು, ಅಣ್ಣನದೊಂದು. ‘ನೀನು ಬಾಯಲ್ಲಿ ಹೇಳಿದ್ರೆ ನಂಗೇ ಅರ್ಥ ಆಗಿಲ್ಲ, ಇದನ್ನ ನೋಡಿದ್ ಮೇಲೆ ಆಯ್ತು. ತಗೊಂಡೋಗು.’

ಅಪ್ಪನಿಗೆ ವಿಷಯ ಹೇಳಿದೆ, ಅವನಿಗೆ ಗೊತ್ತಾಗುವ ಹಾಗೆ. ‘ಆ ಉಡ್ಗನ್ಗೆ ತೊಂದ್ರೆ ಆಯ್ತದಾ?’ ಎಂದು ಕೇಳಿದ. ಆಯ್ತದೆ ಅಂದೆ. ‘ನಿಂಗೆ?’ ನನಗೂ ಆಯ್ತದೆ ಅಂದೆ. ‘ಊಂ’ ಎಂದು ಬೀಡಿ ಹಚ್ಚಿಕೊಂಡ. ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಬೆಳಿಗ್ಗೆ ಸ್ಟೇಷನ್ ಗಂಟ ನಾನೇ ಬುಡ್ತೀನಿ, ಬಸ್ಸಿಗ್ ಕಾಯ್ಬೇಡ’ ಅಂದ.

ಜುಲೈ 25, ಶುಕ್ರವಾರ

ಮುಗಿಯಿತು. ಹೇಗೆ ನಡೆಯಿತೋ ಹಾಗೇ ಬರೆದಿಡುತ್ತೇನೆ.

ಉಳಿದಿಬ್ಬರ ಗ್ರಾಫುಗಳು ಹೊಂದಿದವು, ಚಪ್ಪಾಳೆ ಬಿತ್ತು. ನನ್ನದು ಕೊನೆಗೆ. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಮೊದಲ ಮೂರು ಸ್ಲೈಡಿಗೆ ಸಾಲುವಷ್ಟಿತ್ತು. ಆಮೇಲೆ ಮುಂದಿನ ಸಾಲಿನ ವಯಸ್ಸಾದ ಪ್ರೊಫೆಸರ್ ಒಬ್ಬರು ಕೈ ಎತ್ತಿ, ನಿನ್ನ ಸಂಖ್ಯೆ ಪ್ರಯೋಗಕ್ಕಿಂತ ಕಡಿಮೆ ಇದೆ, ಇದೇ ಲ್ಯಾಬಿನ ಹೋದ ವರ್ಷದ ಪೇಪರ್ ಸರಿಯಾಗಿ ಹೊಂದುತ್ತದೆ, ನೀನು ಹಿಂದಕ್ಕೆ ಹೋಗಿದ್ದೀಯಲ್ಲ ಅಂದರು. ಕೆಲವರು ನಕ್ಕರು.

ಚೀಲದಿಂದ ಬೋಗಿಗಳನ್ನು ತೆಗೆದು ಮೇಜಿನ ಮೇಲೆ ಕೊಕ್ಕೆ ಸಿಕ್ಕಿಸಿ ನಿಲ್ಲಿಸಿದೆ. ಹಳದಿಗೆ ಹಳದಿ ಬಂದು ಕೂತಿತು.

‘ಸರ್, ಇದನ್ ಮಾಡ್ದೋರ್ದೂ ಸರಿಯಾಗೈತೆ, ಇದನ್ ಮಾಡ್ದೋರ್ದೂ ಸರಿಯಾಗೈತೆ. ಒಬ್ರು ಈ ಕಡೆಯಿಂದ ಶುರು ಮಾಡವ್ರೆ, ಇನ್ನೊಬ್ರು ಆ ಕಡೆಯಿಂದ. ಕೇಳ್ದೆ ಬೆರೆಸಿದ್ದು ತಪ್ಪು. ನಾನೂ ಬೆರೆಸಿದ್ದೆ. ಆಮೇಲೆ ಗುಣಕ ಏರಿಸ್ಬುಟ್ರೆ ತಪ್ಪು ಕಾಣಲ್ಲ, ಮೇಲೆ ಬಣ್ಣ ಬಳ್ದಂಗಾಯ್ತದೆ.’

ಈ ಸಲ ಯಾರೂ ನಗಲಿಲ್ಲ. ಸುಚಿತ್ರಾ ಮೇಡಂ ಬೋಗಿಗಳನ್ನೇ ನೋಡುತ್ತಾ ಕೇಳಿದರು: ‘ಹಾಗಾದರೆ ಹೋದ ವರ್ಷದ ಸಂಖ್ಯೆ?’

ಮುನೇಶ್ ಕಡೆ ನೋಡಿದೆ. ಹೊತ್ತು ಕೊಟ್ಟೆ. ಅವನು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಅವನ ಮುಖ ನೋಡಬೇಕೆಂದು ಬರೆದಿದ್ದೆನಲ್ಲ, ನೋಡಿದೆ. ನೋಡಬಾರದಿತ್ತು.

‘ಅದ್ರಲ್ಲೂ ಇದೇ ಆಗೈತೆ ಮೇಡಂ.’

‘ಆದರೂ ನಿಂದು ಹೊಂದಿಲ್ಲವಲ್ಲ’ ಅಂದರು ಪ್ರೊಫೆಸರ್, ಅವರೂ ಕನ್ನಡದಲ್ಲೇ.

‘ಒಂದಿಲ್ಲ ಸರ್. ಒಸಿ ಕಮ್ಮಿ ಐತೆ. ಯಾಕೆ ಅಂತ ಇನ್ನೂ ಗೊತ್ತಿಲ್ಲ. ಗೊತ್ತಾಗೋ ಗಂಟ ಕಮ್ಮಿನೇ ಇರ್ಲಿ.’

ಮೇಡಂ ‘ಥ್ಯಾಂಕ್ಯೂ, ಕೂತ್ಕೋ’ ಅಂದರು. ಅಷ್ಟೇ. ಚಪ್ಪಾಳೆ ಬಿದ್ದಿತೋ ಇಲ್ಲವೋ ನೆನಪಿಲ್ಲ. ಮುನೇಶ್ ಹಿಂದಿನ ಬಾಗಿಲಿನಿಂದ ಎದ್ದು ಹೋದ. ಬೋಗಿಗಳನ್ನು ಮೇಜಿನ ಮೇಲೇ ಮರೆತು ಬಂದಿದ್ದೇನೆ.

ಜುಲೈ 28, ಸೋಮವಾರ

ಸೀಟು ಹೋಯಿತು. ಹೋಗಿಲ್ಲ ಎಂದು ಯಾರೂ ಹೇಳಿಲ್ಲವಾದ್ದರಿಂದ ಹೋಗಿದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ನಾಳೆ ಮತ್ತೆ ಕೇಳಿದರೂ ಅದನ್ನೇ ಕೊಡುತ್ತೇನೆ.

ಅಳು ಬಂತು. ಬಂದರೆ ಬರಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಜುಲೈ 31, ಗುರುವಾರ

ಮುನೇಶ್ ಸರ್ ಫೋನ್ ಮಾಡಿದ್ದರು. ಟ್ಯಾಂಕಿನ ಹತ್ತಿರ ನಿಂತಿದ್ದರಿಂದ ಸಿಕ್ಕಿದೆ, ಇಲ್ಲದಿದ್ದರೆ ಅದೂ ಇಲ್ಲ. ಹಲೋ ಕಡಿದು ಕಡಿದು ಬಂತು. ಕಟ್ಟಾಯಿತೇನೋ ಎಂದುಕೊಂಡು ಫೋನನ್ನು ಇನ್ನೂ ಮೇಲೆತ್ತಿದೆ.

‘ಆಗಸ್ಟ್‌ನಲ್ಲಿ ಥೀಸಿಸ್ ಕೊಡ್ತಿಲ್ಲ. ಪತ್ರಿಕೆಗೂ ಬರೆದಿದ್ದೀನಿ, ಪೇಪರ್‌ನಲ್ಲಿ ತಪ್ಪಿದೆ ಅಂತ’ ಅಂದರು. ಧ್ವನಿ ಬಿದ್ದುಹೋಗಿತ್ತು. ‘ಎಲ್ಲ ಮೊದಲಿಂದ ಲೆಕ್ಕ ಹಾಕಬೇಕು. ಒಬ್ಬನ ಕೈಯಲ್ಲಿ ಆಗಲ್ಲ. ಯಾರನ್ನ ಉಳಿಸಿಕೊಳ್ಳೋದು ಅಂತ ಮೇಡಂ ನನ್ನನ್ನೂ ಕೇಳಿದ್ರು. ನಿಮ್ಮ ಹೆಸರು ಹೇಳಿದೆ. ಅವರು ಅದನ್ನ ಆಗಲೇ ಬರ್ಕೊಂಡಿದ್ರು.’

‘ಪ್ರೋಗ್ರಾಂನ ಮೊದಲ ಸಾಲಲ್ಲೇ ಯಾವ ಕಡೆಯಿಂದ ಶುರು ಅಂತ ಬರ್ದಾಕ್ಬೇಕು ಸರ್’ ಅಂದೆ.

‘ಬರೆದಿದೀನಿ. ನಿಮ್ಮ ಬೋಗಿ ಮೇಡಂ ಮೇಜಿನ ಮೇಲಿದೆ. ಹಾಗೇ ಜೋಡಿಸಿಟ್ಟಿದ್ದಾರೆ, ಬಿಚ್ಚೋಕೆ ಯಾರಿಗೂ ಬಿಡ್ತಿಲ್ಲ. ಸೋಮವಾರ ಎಷ್ಟು ಗಂಟೆಗೆ ಬರ್ತೀರಿ?’

‘ಟ್ರೈನು ಲೇಟಾಗ್ದಿದ್ರೆ ಒಂಬತ್ಗೆ ಬತ್ತೀನಿ.’

‘ಸರಿ. ನಾನು ಅಷ್ಟೊತ್ತಿಗೆ ಬಂದಿರ್ತೀನಿ’ ಅಂದರು.

ಅಪ್ಪ ಕುರಿ ಹೊಡೆದುಕೊಂಡು ಟ್ಯಾಂಕಿನ ಹತ್ತಿರಕ್ಕೇ ಬಂದ. ಏನಂತೆ ಎಂದು ಕೇಳಿದ. ಕರೆದಿದ್ದಾರೆ ಅಂದೆ.

‘ಮತ್ಯಾಕೆ ಮಕ ಅಂಗ್ ಮಾಡ್ಕಂಡಿದೀಯ?’

‘ಲೆಕ್ಕ ಇನ್ನೂ ಒಸಿ ಕಮ್ಮಿ ಬತ್ತಾ ಐತೆ ಕಣಪ್ಪ.’

‘ಯಾರಾರ ಏರಿಸು ಅಂದ್ರಾ?’

‘ಅನ್ಲಿ ನೋಡವ’ ಅಂದೆ. ಅಪ್ಪ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಜೋರಾಗಿ ನಕ್ಕ. ಮುಂದಿದ್ದ ಕುರಿಗಳು ಬೆದರಿ ಪುಟ್ಟಸ್ವಾಮಿ ಮಾವನ ಹೊಲಕ್ಕೆ ನುಗ್ಗಿದವು. ಇಬ್ಬರೂ ಹಿಂದೆ ಓಡಿದೆವು.